ಕುಸಿದ ಕಾಲಿಗೆ ಮರಳಿ ಕಸುವು

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಹೊರಟವರಿಗೆ ಮಲಪ್ರಭೆಯ ದಂಡೆಯ ಮೇಲೆ ಎಂ.ಕೆ. ಹುಬ್ಬಳ್ಳಿ ಎದುರಾಗುತ್ತದೆ. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳವಿರುವುದು ಇಲ್ಲಿಯ ಹೊಳೆಯಲ್ಲಿಯೇ. ದರ್ಶನಕ್ಕೆ ಹೋದವರು ಮೆಟ್ಟಿಲಿಳಿಯಬೇಕು. ಇಳಿದವರು ಏರಲೂ ಬೇಕು. ಆರೋಗ್ಯವಂತರ ಗಮನಕ್ಕೇ ಬಾರದ ಈ ಏರಿಳಿತ, ಪಾರ್ಶ್ವವಾಯು ಬಡಿದ ಹಿರಿಯರ ಪಾಲಿಗೆ ಬೆಟ್ಟವಾಗಿ ನಿಲ್ಲುತ್ತದೆ.

ಅಂಥವರಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆಸ್ಪತ್ರೆಯಿಂದ ಮರಳಿದ ಯಜಮಾನರು ಪಡಸಾಲೆಯ ಮಂಚದ ಮೇಲೆ ಕುಳಿತಿದ್ದಾರೆ. ನೀರಿಗೆಂದು ಏಳಹೋದರೆ ಸೊಸೆ ಓಡಿಬರುತ್ತಾಳೆ: "ಮಾವಾರ, ನೀವು ಏಳಬ್ಯಾಡ್ರಿ, ನಾ ತಂದ ಕೊಡತೇನ್ರಿ." ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಎದ್ದು ನಿಲ್ಲುವ ಒಂದು ಅವಕಾಶ ಅಲ್ಲಿಯೇ ತಪ್ಪಿತು. ದಿನವೂ ಹೀಗೆ ತಪ್ಪುತ್ತ ಹೋದರೆ, ರೋಗವು ಉಳಿಸಿಹೋದ ಅಷ್ಟಿಷ್ಟು ಬಲವನ್ನೂ ಮಂಚವೇ ನುಂಗಿಬಿಡುತ್ತದೆ.

ಮಿದುಳಿನ ರಕ್ತನಾಳವೊಂದು ಮುಚ್ಚಿದಾಗ ಇಲ್ಲವೆ ಒಡೆದಾಗ ಕೆಡುವುದು ಕಾಲಿನ ಸ್ನಾಯುವಲ್ಲ. ಆ ಸ್ನಾಯುವಿಗೆ ಅಪ್ಪಣೆ ಕೊಡುವ ಮಿದುಳಿನ ಭಾಗ. ಅಪ್ಪಣೆ ಬಾರದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ. ನಡೆಯುವಾಗ ಮೀನಖಂಡವು ದೇಹವನ್ನು ಮುಂದಕ್ಕೆ ನೂಕಬೇಕು. ತೊಡೆಯ ಮುಂಭಾಗದ ಸ್ನಾಯುಗಳು ಮೊಣಕಾಲು ಕುಸಿಯದಂತೆ ಹಿಡಿಯಬೇಕು. ಸೊಂಟದ ಸ್ನಾಯುಗಳು ಕಾಲನ್ನೆತ್ತಬೇಕು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯು ಪಾದದ ತುದಿಯನ್ನು ಮೇಲಕ್ಕೆಳೆಯಬೇಕು. ಇವುಗಳಲ್ಲಿ ಒಂದು ಸೋತರೂ ನಡಿಗೆಯ ಲಯ ತಪ್ಪುತ್ತದೆ.

ಹಾಗಾದರೆ ವ್ಯಾಯಾಮದಿಂದ ಬಲ ಕೂಡಿಸಬಾರದೇಕೆ? ಬಹುಕಾಲದವರೆಗೆ ಚಿಕಿತ್ಸಕರಿಗೇ ಇದರಲ್ಲಿ ಅಂಜಿಕೆಯಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನಲ್ಲಿ ಬರ್ಟಾ ಬೊಬಾತ್ ಅವರು ರೂಪಿಸಿದ ಪದ್ಧತಿ ಹಲವು ದೇಶಗಳಲ್ಲಿ ಮನ್ನಣೆ ಪಡೆಯಿತು. ರೋಗಿಯು ಬಲವಾಗಿ ಶ್ರಮಿಸಿದರೆ ಸ್ನಾಯುಗಳ ಸೆಡೆತ ಹೆಚ್ಚುವುದೆಂಬುದು ಅದರ ನಂಬಿಕೆ. 2006ರಲ್ಲಿ ಆಸ್ಟ್ರೇಲಿಯದ ಲೂಯಿಸ್ ಅಡಾ ಮತ್ತು ಸಂಗಡಿಗರು ಅದುವರೆಗಿನ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡಿದರು. ವ್ಯಾಯಾಮದಿಂದ ಬಲ ಹೆಚ್ಚಿತ್ತು, ಚಟುವಟಿಕೆ ತುಸು ಸುಧಾರಿಸಿತ್ತು. ಸೆಡೆತ ಮಾತ್ರ ಹೆಚ್ಚಿರಲಿಲ್ಲ.

ಗರಡಿಮನೆಗಳ ನಾಡಾದ ಬೆಳಗಾವಿ ಸೀಮೆಗೆ ಇದರ ತತ್ತ್ವ ಹೊಸದಲ್ಲ. ಯಾವ ಪೈಲವಾನನೂ ಮೊದಲ ದಿನವೇ ನೂರು ಬೈಠಕ್ ಹಾಕುವುದಿಲ್ಲ. ದಿನ ಕಳೆದಂತೆ ಏರಿಸುತ್ತಾನೆ. ಕುರ್ಚಿಯಿಂದ ಎದ್ದು ಮತ್ತೆ ಮೆಲ್ಲನೆ ಕುಳಿತುಕೊಳ್ಳುವುದು ರೋಗಿಯ ಬೈಠಕ್. ಅದು ಸುಲಭವಾದಾಗ ಇನ್ನಷ್ಟು ತಗ್ಗಾದ ಕುರ್ಚಿ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು ಮುಂದಿನ ಪಾಠಗಳು. ಅಮೆರಿಕದ ಹೃದ್ರೋಗ ಸಂಘವು 2014ರಲ್ಲಿ ಪ್ರಕಟಿಸಿದ ಸಲಹೆಯಂತೆ ಬಲವರ್ಧನೆಯ ವ್ಯಾಯಾಮವು ವಾರಕ್ಕೆ 2ರಿಂದ 3 ದಿನ, ಒಂದೊಂದು 10ರಿಂದ 15 ಸಲ ನಡೆಯಬೇಕು.

ಆದರೆ ಬಲ ಬಂದ ಮಾತ್ರಕ್ಕೆ ನಡಿಗೆ ತಾನಾಗಿ ಬಂದೀತೆಂಬುದು ಭ್ರಮೆ. ಕೂಡಿಸಿದ ಬಲವನ್ನು ನಡೆದೇ ವೆಚ್ಚ ಮಾಡಬೇಕು. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಯ ತುದಿಗೆ ನಡೆದಾಗಲೇ ಮಿದುಳು ಮರೆತ ವಿದ್ಯೆಯನ್ನು ಮತ್ತೆ ಕಲಿಯುತ್ತದೆ.

ಉತ್ಸಾಹಕ್ಕೂ ಮಿತಿಯುಂಟು. 5 ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ 24 ಗಂಟೆಗಳೊಳಗೇ ಪದೇಪದೇ ಎಬ್ಬಿಸಿ ಓಡಾಡಿಸಿದವರಿಗೆ ಒಳಿತಿಗಿಂತ ಹಿನ್ನಡೆಯೇ ಆಯಿತು. ಆದುದರಿಂದ ಯಾವಾಗ, ಎಷ್ಟು ಎಂಬುದನ್ನು ವೈದ್ಯರೂ ಫಿಜಿಯೋಥೆರಪಿ ತಜ್ಞರೂ ನಿರ್ಧರಿಸಬೇಕು. ರಕ್ತದೊತ್ತಡ ಹತೋಟಿಯಲ್ಲಿರಬೇಕು. ಶ್ರಮಿಸುವಾಗ ಉಸಿರು ಬಿಗಿಹಿಡಿಯಬಾರದು. ತಲೆ ಸುತ್ತಿದರೆ, ಎದೆ ನೊಂದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸಹಾಯಕರು ದುರ್ಬಲ ಪಕ್ಕದಲ್ಲಿ ನಿಲ್ಲಬೇಕು. ಸೋತ ಕೈಯನ್ನು ಜಗ್ಗಿ ಎಬ್ಬಿಸಿದರೆ ಭುಜದ ಕೀಲು ಕೆಟ್ಟೀತು. ಬಾಯಿ ಮತ್ತೆ ಸೊಟ್ಟಗಾದರೆ, ಮಾತು ತೊದಲಿದರೆ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ತಜ್ಞರನ್ನು ಕಾಣಲು ಈ ಊರಿನವರು ಬೆಳಗಾವಿಗೋ ಧಾರವಾಡಕ್ಕೋ ಹೋಗಿಬರಬಹುದು. ಆದರೆ ಅಲ್ಲಿ ಕಲಿತದ್ದನ್ನು ವಾರದ ಉಳಿದ ದಿನಗಳಲ್ಲಿ ಮಾಡಿಸಬೇಕಾದವರು ಮನೆಯವರೇ. ಎಲ್ಲರ ನಡಿಗೆಯೂ ಮೊದಲಿನಂತಾಗದಿರಬಹುದು; ಆದರೂ ಬಚ್ಚಲಿಗೆ ತಾನೇ ಹೋಗಿಬರುವ ಸ್ವಾತಂತ್ರ್ಯ ಚಿಕ್ಕ ಗಳಿಕೆಯಲ್ಲ.

ಆ ಸೊಸೆ ನೀರಿನ ತಂಬಿಗೆಯನ್ನು ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿಟ್ಟು ಮಾವನ ಪಕ್ಕದಲ್ಲಿ ನಿಲ್ಲಲಿ. "ಏಳ್ರಿ ಮಾವಾರ, ನಾ ಬಾಜೂಕ ಅದೇನ್ರಿ" ಎಂದರೆ ಸಾಕು. ಸೇವೆಯೂ ಆಯಿತು, ಸಾಧನೆಯೂ ಆಯಿತು.