ಡಾಂಬರು ಮುಗಿದ ಮೇಲೆ ಪೊಲಿಹಾಲೆ

ಹವಾಯಿಯ ಕವಾಯಿ ದ್ವೀಪವನ್ನು ಒಂದು ಸುತ್ತು ಹಾಕಿ ಬರಲು ರಸ್ತೆಯಿಲ್ಲ. ವಾಯವ್ಯದಲ್ಲಿ ನಾ ಪಾಲಿ ಬೆಟ್ಟಗಳು ಕಡಿದಿಟ್ಟಂತೆ ನೇರ ಕಡಲಿಗೆ ಇಳಿಯುತ್ತವೆ. ಹಾಗಾಗಿ ಉತ್ತರದ ರಸ್ತೆ ಅತ್ತ ನಿಲ್ಲುತ್ತದೆ, ದಕ್ಷಿಣವನ್ನು ಬಳಸಿ ಬರುವ 50ನೇ ನಂಬರಿನ ಹೆದ್ದಾರಿ ಇತ್ತ. ಇತ್ತಲ ಡಾಂಬರು ಮುಗಿದ ಮೇಲೂ ಏಳೆಂಟು ಕಿಲೋಮೀಟರ್ ಮಣ್ಣುದಾರಿ ಇದೆ; ಅದರ ತುದಿಗೆ ಪೊಲಿಹಾಲೆ ಸ್ಟೇಟ್ ಪಾರ್ಕ್.

ಕೆಕಹಾ ಊರು ದಾಟಿದರೆ ಮುಂದೆ ಅಂಗಡಿಯಿಲ್ಲ. ನೀರು, ಐಸು, ತಿಂಡಿ ಎಲ್ಲ ಅಲ್ಲೇ ತುಂಬಿಕೊಳ್ಳಬೇಕು. ಬಾಡಿಗೆ ಕಾರಿನ ಕರಾರುಪತ್ರಗಳು ಡಾಂಬರು ಬಿಟ್ಟು ಇಳಿಯಲು ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ ನಾವು ಪರಿಚಿತರೊಬ್ಬರ ಪಿಕಪ್ ಹತ್ತಿದ್ದೆವು. ಕೆಂಪು ಮಣ್ಣು. ಮಳೆಗೆ ಕೊರೆದು ಬಿಸಿಲಿಗೆ ಗಟ್ಟಿಯಾದ ಹೊಂಡಗಳು. ಒಂದನ್ನು ತಪ್ಪಿಸಲು ಹೋದರೆ ಎರಡಕ್ಕೆ ಇಳಿಯಬೇಕು. ಕಿಟಕಿ ಏರಿಸಿ ಕೂತರೂ ಹಲ್ಲಿನ ಸಂದಿಯಲ್ಲಿ ದೂಳು.

ದ್ವೀಪದ ನಡುವಿನ ವಾಯಲೆಯಲೆ ಬೆಟ್ಟ ಲೋಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಮಳೆಯ ಲೆಕ್ಕದಲ್ಲಿ ನಮ್ಮ ಆಗುಂಬೆ ಅದರ ಮುಂದೆ ಚಿಕ್ಕದು. ಮೋಡಗಳು ಅಲ್ಲೇ ಬರಿದಾಗುವುದರಿಂದ ಪಡುವಣದ ಈ ಬಯಲು ಒಣಕಲು. ಆದರೂ ಇದು ಹಿಂದೆ ಜೌಗು ನೆಲವಾಗಿತ್ತು. ಕಾಲುವೆ ತೋಡಿ ನೀರು ಬಸಿದು ಕಬ್ಬು ಬೆಳೆದರು. ಕೆಕಹಾದ ಸಕ್ಕರೆ ಕಾರ್ಖಾನೆ 2000ದಲ್ಲಿ ಬಾಗಿಲು ಹಾಕಿತು. ಕಬ್ಬಿನ ಗಾಡಿಗಳಿಗೆಂದು ಮಾಡಿದ ದಾರಿಗಳು ಉಳಿದುಕೊಂಡವು. ಪಕ್ಕದಲ್ಲೇ ಅಮೆರಿಕದ ನೌಕಾಪಡೆಯ ಕ್ಷಿಪಣಿ ಪರೀಕ್ಷಾ ಕೇಂದ್ರದ ಬೇಲಿ. ಈ ದಂಡೆಯಲ್ಲಿ ಹೋಟೆಲು ಏಳದಿರುವುದಕ್ಕೆ ಕ್ಷಿಪಣಿಗೂ ಒಂದಿಷ್ಟು ಪಾಲು ಕೊಡಬೇಕಾದೀತು.

ಮರಳದಿಬ್ಬದ ಹಿಂದೆ ಗಾಡಿ ನಿಂತಿತು. ದಿಬ್ಬ ಹತ್ತುವಾಗ ಸಮುದ್ರ ಕಾಣುವುದಿಲ್ಲ, ಮೊರೆತ ಮಾತ್ರ. ನೆತ್ತಿಗೆ ಬಂದಾಗ ಕಣ್ಣಿಗೆ ಒಂದೂ ಕಟ್ಟಡ ಸಿಗದೆ ನೋಟವನ್ನು ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು. ಎಡಕ್ಕೆ ಮೈಲಿಗಟ್ಟಲೆ ಮರಳು. ಬಲಕ್ಕೆ ನಾ ಪಾಲಿಯ ಮೊದಲ ಗೋಡೆ, ಲಾವಾದ ಪದರ ಪದರವಾಗಿ, ಬುಡದಲ್ಲಿ ತುಂತುರಿನ ಮಬ್ಬು. ಎದುರಿಗೆ ಕಡಲಾಚೆ ನಿಹಾವು ದ್ವೀಪ. 1864ರಲ್ಲಿ ಒಂದು ಕುಟುಂಬ ಐದನೆಯ ಕಮೆಹಮೆಹಾ ರಾಜನಿಂದ 10,000 ಡಾಲರಿಗೆ ಕೊಂಡ ದ್ವೀಪವದು. ಈಗಲೂ ಅವರ ವಂಶಸ್ಥರದೇ. ಕರೆಯದೆ ಅಲ್ಲಿಗೆ ಹೋಗುವಂತಿಲ್ಲ.

ಒಣಮರಳಿನ ಮೇಲೆ ಹಿಮ್ಮಡಿ ಎಳೆದರೆ ಕೀರ್ ಎನ್ನುತ್ತದೆ. ಒದ್ದೆಯಾದರೆ ಮೂಕ. ಮಧ್ಯಾಹ್ನ ಈ ಪರೀಕ್ಷೆಯನ್ನು ಹೆಚ್ಚು ಹೊತ್ತು ನಡೆಸಲಾಗದು, ಅಂಗಾಲು ಸುಡುತ್ತದೆ. ದಿಬ್ಬದ ಮೇಲೆ ಹಬ್ಬಿದ ಬಳ್ಳಿ ನಮ್ಮ ಕರಾವಳಿಯದೇ: ಆಡಿನ ಗೊರಸಿನಂಥ ಎಲೆ, ನೇರಳೆ ಹೂವು. ನೆರಳಿಗೆಂದು ಹೋದ ಮರವೂ ಗುರುತಿನದೇ ಅನ್ನಿಸಿ ಎಲೆ ಮುಟ್ಟಿ ನೋಡಿದೆ. ಇಲ್ಲಿ ಅದು ಕಿಯಾವೆ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. 1828ರಲ್ಲಿ ಹೊನೊಲುಲುವಿನಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ ನೆಟ್ಟ ಗಿಡದಿಂದ ದ್ವೀಪದಿಂದ ದ್ವೀಪಕ್ಕೆ ಹರಡಿತಂತೆ. ಮುಳ್ಳು ಚಪ್ಪಲಿಯ ಅಟ್ಟೆ ತೂರಿ ಬರುತ್ತದೆ. ಅದರ ಇದ್ದಿಲಿನಲ್ಲಿ ಸುಟ್ಟ ಮೀನಿಗೆ ಮಾತ್ರ ಇಲ್ಲಿಯವರು ಮುಳ್ಳನ್ನೆಲ್ಲ ಕ್ಷಮಿಸುತ್ತಾರೆ.

ಕಡಲನ್ನು ದೂರದಿಂದ ನೋಡಿದರೆ ಸಾಕು. ಜೀವರಕ್ಷಕರಿಲ್ಲ, ದಡಕ್ಕೇ ಬಂದು ಒಡೆಯುವ ಅಲೆ, ಕಾಲಡಿಯ ಮರಳನ್ನು ಎಳೆದುಕೊಂಡು ಹಿಂದಕ್ಕೆ ಓಡುವ ಸೆಳೆತ. ಹವಳದ ದಿಬ್ಬ ಅಡ್ಡ ನಿಂತ ‘ರಾಣಿಕೊಳ’ ಎಂಬಲ್ಲಿ ಮಾತ್ರ, ಅದೂ ಕಡಲು ಶಾಂತವಿದ್ದಾಗ, ಮಕ್ಕಳು ಆಡುತ್ತಾರೆ. ಬಂಡೆಗಳ ಬುಡದ ಕಡೆಗೆ ಹಳೆಯ ಹೆಯಾವು, ಅಂದರೆ ಕಲ್ಲು ಪೇರಿಸಿದ ದೇಗುಲದ ನೆಲೆ. ಸತ್ತವರ ಆತ್ಮ ಇಲ್ಲಿಂದಲೇ ಪಡುವಣ ಕಡಲಿಗೆ ಹಾರಿ ಪಿತೃಲೋಕ ಸೇರುತ್ತದೆಂದು ಹವಾಯಿಯನ್ನರ ನಂಬಿಕೆ. ಅಲ್ಲಿ ಕಲ್ಲು ಮುಟ್ಟುವುದು, ಫೋಟೊಕ್ಕೆ ಏರಿ ನಿಲ್ಲುವುದು ಸಲ್ಲದು.

ಪಾರ್ಕಿನಲ್ಲಿ ಸರ್ಕಾರದ ಕೈ ಕಾಣುವುದು ಶೌಚಾಲಯ, ನಲ್ಲಿ, ಮಾಡು ಹೊದಿಸಿದ ಕೆಲವು ಕಟ್ಟೆಗಳಲ್ಲಿ. ದಾರಿಯ ಮಾತು ಬಂದರೆ ಸ್ಥಳೀಯರು ಹೇಳುವ ಕತೆ ಬೇರೆ. 2008ರ ಕೊನೆಗೆ ನೆರೆ ಬಂದು ದಾರಿಯೂ ಸೇತುವೆಯೂ ಕೊಚ್ಚಿಹೋದವು. ದುರಸ್ತಿಗೆ 40 ಲಕ್ಷ ಡಾಲರ್ ಬೇಕು, ಕಾಲವೂ ಹಿಡಿಯುತ್ತದೆ ಎಂದರು ಅಧಿಕಾರಿಗಳು. ಸುತ್ತಲಿನ ವ್ಯಾಪಾರಿಗಳು, ಊರಿನವರು ತಮ್ಮದೇ ಯಂತ್ರ, ಸಾಮಾನು ತಂದು 2009ರಲ್ಲಿ 8 ದಿನಕ್ಕೆ ಕೆಲಸ ಮುಗಿಸಿದರು. ದಾರಿ ಸಲೀಸಾದರೆ ಜನ ಬರುತ್ತಾರೆಂಬುದೂ ಅವರಿಗೇ ಚೆನ್ನಾಗಿ ಗೊತ್ತು: 2020ರ ಬೇಸಿಗೆಯಲ್ಲಿ ಮರಳದಿಬ್ಬಗಳ ಮೇಲೆ ಗಾಡಿ ನುಗ್ಗಿ, ಕಸ ರಾಶಿಬಿದ್ದು, ಪಾರ್ಕನ್ನೇ ಕೆಲಕಾಲ ಮುಚ್ಚಬೇಕಾಯಿತು. ಡಾಂಬರಿನ ಬಗ್ಗೆ ಇಲ್ಲಿ ಅಂಥ ಉತ್ಸಾಹ ನನಗೆ ಕಾಣಲಿಲ್ಲ.

ಶುಕ್ರವಾರದ ಸಂಜೆ. ನಾವು ಹೊರಡುವಾಗ ವಾರಾಂತ್ಯದ ಸಂಸಾರಗಳು ಒಳಬರುತ್ತಿದ್ದವು. ಐಸ್ ಪೆಟ್ಟಿಗೆ, ಡೇರೆ, ಗಾಳದ ಕೋಲು, ಇದ್ದಿಲ ಚೀಲ, ಹಿಂದೆ ಕೂತ ಅಜ್ಜಿ. ಇಬ್ಬರು ಹಾಯಲು ದಾರಿ ಸಾಲದಾಗ ನಮ್ಮವರು ಪಕ್ಕದ ಹೊಂಡಕ್ಕೆ ಗಾಡಿ ಇಳಿಸಿ ನಿಂತರು. ಎದುರಿನವನು ಹೆಬ್ಬೆರಳು, ಕಿರುಬೆರಳು ಚಾಚಿ ಕೈ ಅಲ್ಲಾಡಿಸಿ ಹೋದ. ಹಿಂದೆಯೇ ಇನ್ನೂ ನಾಲ್ಕೈದು ಗಾಡಿ, ಎಲ್ಲರಿಗೂ ಇವರು ಅದೇ ಸನ್ನೆ ತಿರುಗಿಸುತ್ತ ಕಾಯಬೇಕಾಯಿತು.