ಒಂದೇ ವೆಬ್ ಪುಟ, ಫೋನಿಗೊಂದು ರೂಪ



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಸಂಘಗಳು ತೊಗರಿಬೇಳೆ, ಕಡಕ್ ರೊಟ್ಟಿ ಮಾರಲು ವೆಬ್ ಪುಟ ಮಾಡಿಸುವುದಾದರೆ ಒಂದು ಮಾತು ತಿಳಿದಿರಲಿ. ಮಾಡಿಸಿದ ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಗಿರಾಕಿಯ ಫೋನಿನಲ್ಲಿ ಕೆಡಬಹುದು. ದರ ಚಿತ್ರದಡಿ ಮುಚ್ಚಿಹೋದರೆ ವ್ಯಾಪಾರವೇ ಹೋಯಿತು.

ವೆಬ್ ಪುಟ ಅಂದ್ರೆ ಫೋಟೋ ಅಲ್ಲ, ಹೀಗೆ ಜೋಡಿಸು ಎಂಬ ಸೂಚನೆ. ಅದನ್ನು ಓದಿ ಜೋಡಿಸುವುದು ಕ್ರೋಮ್, ಫೈರ್‌ಫಾಕ್ಸ್, ಸಫಾರಿಯಂಥ ಬ್ರೌಸರ್. ಹಿಟ್ಟು ಒಂದೇ ಇದ್ದರೂ ಒಬ್ಬೊಬ್ಬರು ಬಡಿದ ರೊಟ್ಟಿ ಒಂದೊಂದು ಥರ ಆಗೋದಿಲ್ಲವೇ? 2022ರಲ್ಲಿ ನಿಂತುಹೋದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆಂದೇ ಮಾಡಿದ ಹಳೆಯ ಪುಟಗಳು ಬೇರೆ ಬ್ರೌಸರಿನಲ್ಲಿ ಚೆಲ್ಲಾಪಿಲ್ಲಿ ಆಗುವುದುಂಟು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಎಂದು ಮೊದಲೇ ಹೇಳಿರಿ. ಪುಟದ ಅಗಲವೂ ಪರದೆಗೆ ತಕ್ಕಂತೆ ಹೊಂದಿಕೊಳ್ಳಬೇಕು.

ಪೂರ್ತಿ ಹಣ ಕೊಡುವ ಮೊದಲು ವಾರದ ಸಭೆಯಲ್ಲಿ ನಾಲ್ಕಾರು ಫೋನುಗಳಲ್ಲಿ ಅದೇ ಪುಟ ತೆರೆದು ನೋಡೋಣ. ಹಳೆಯ, ಅಗ್ಗದ ಫೋನನ್ನು ಬಿಡಬೇಡಿರಿ, ತಪ್ಪು ಸಿಗುವುದು ಅಲ್ಲೇ. ಎಲ್ಲಾ ಕಡೆ ಅಚ್ಚೊತ್ತಿದಂತೆ ಒಂದೇ ಥರ ಇರಬೇಕೆಂಬ ಹಠ ಬೇಡ, ಅದು ಆಗದ ಮಾತು. ದರ, ತೂಕ, ಸಂಘದ ಫೋನ್ ನಂಬರ್ ಓದಲು ಬಂದರೆ ಸಾಕು.