ನಿವೃತ್ತಿಯ ನೆಲೆ: ತಾಯ್ನಾಡೋ, ಅಮೆರಿಕವೋ?

ನಿವೃತ್ತಿಯ ಬಳಿಕ ತಾಯ್ನಾಡಿಗೆ ಮರಳುವುದೋ, ಮಕ್ಕಳಿರುವ ಅಮೆರಿಕದಲ್ಲೇ ಉಳಿಯುವುದೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಹೊಸದಲ್ಲ. ಹವೆ, ಊಟ, ಬಂಧುಬಳಗಗಳನ್ನು ತೂಗಿ ನೋಡುವ ನಾವು ವೈದ್ಯಕೀಯ ವಿಮೆಯನ್ನು ಮರೆಯುವುದುಂಟು.

ಅಮೆರಿಕದ ಪೌರರಿಗೆ ಸೋಷಿಯಲ್ ಸೆಕ್ಯುರಿಟಿ ಹಣ ಭಾರತದಲ್ಲೂ ದೊರೆಯುತ್ತದೆ. ಆದರೆ 65ನೆಯ ವಯಸ್ಸಿಗೆ ಲಭಿಸುವ ಮೆಡಿಕೇರ್, ಭಾರತದಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಭರಿಸದು. ವೈದ್ಯರ ಶುಲ್ಕಕ್ಕೆ ಸಂಬಂಧಿಸಿದ ಅದರ 'ಬಿ' ಭಾಗಕ್ಕೆ ತಿಂಗಳ ಕಂತು ಕಟ್ಟಬೇಕು. ಊರಿನಲ್ಲಿರುವಾಗ ಇದು ವ್ಯರ್ಥವೆಂದು ಕೈಬಿಟ್ಟು ಮುಂದೆ ಹಿಂದಿರುಗಿದರೆ, ಹೊರಗುಳಿದ ಪ್ರತಿ ಪೂರ್ಣ 12 ತಿಂಗಳಿಗೆ ಕಂತು ಶೇಕಡ 10ರಷ್ಟು ಏರುತ್ತದೆ. ಐದು ವರ್ಷಕ್ಕೆ ಶೇಕಡ 50. ಈ ದಂಡ ಸಾಮಾನ್ಯವಾಗಿ ಜೀವನಪರ್ಯಂತ. ಮರುನೋಂದಣಿಯೂ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ.

ಇಲ್ಲಿಯೇ ಉಳಿದವರಿಗೂ ಒಂದು ಕೊರತೆಯುಂಟು. ಉಣಿಸುವ, ಮೀಯಿಸುವ, ಬಟ್ಟೆ ತೊಡಿಸುವ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಹಣ ನೀಡದು. ಅಂತಹ ನೆರವು ಭಾರತದಲ್ಲಿ ಬಹಳ ಕಡಿಮೆ ವೆಚ್ಚದಲ್ಲಿ ದೊರೆಯುತ್ತದೆ.

ವೈದ್ಯರಾಗಿ ನಾವು ಹೇಳುವುದಿಷ್ಟೆ: 85ನೆಯ ವಯಸ್ಸಿನಲ್ಲಿ, ದಂಪತಿಗಳಲ್ಲಿ ಒಬ್ಬರೇ ಉಳಿದಾಗ, ಕೈಹಿಡಿದು ನಡೆಸುವವರು ಯಾರೆಂದು ಮೊದಲೇ ಯೋಚಿಸೋಣ. ಇಲ್ಲಿಯ ಮನೆಯನ್ನು ಮಾರದೆ, 'ಬಿ' ಭಾಗವನ್ನು ಬಿಡದೆ, ಒಂದು ವರ್ಷ ಊರಿನಲ್ಲಿದ್ದು ನೋಡಿ ಬಳಿಕ ನಿರ್ಧರಿಸುವುದು ಲೇಸು.